ಬಣ್ಣದ ಡಬ್ಬಿ ಹಿಡಿದ ಮಗಳಿಗೆ ಏನು ಹೇಳಲಿ?



ಈ ಸಲ ಹೋಳಿಗೆ ಹೂರಣ ತೆಳ್ಳಗಾದರೆ ಏನು ಮಾಡಬೇಕೆಂದು ಬರೆಯುವವಳಿದ್ದೆ. ಅಷ್ಟರಲ್ಲಿ ಮುಂಡರಗಿಯ ಸೋದರಿಯೊಬ್ಬರ ಪತ್ರ ಬಂತು. ಓದಿದ ಮೇಲೆ ಹೂರಣದ ವಿಚಾರ ಮುಂದಿನ ಸಂಚಿಕೆಗೆ ಇರಲಿ ಅನ್ನಿಸಿತು. ಹೂರಣ ಕೆಟ್ಟರೆ ಇನ್ನೊಮ್ಮೆ ಬೇಳೆ ಬೇಯಿಸಬಹುದು. ಮಗಳ ವಿಚಾರ ಹಾಗಲ್ಲವಲ್ಲ!

ಅವರು ಬರೆದದ್ದನ್ನು ಅವರ ಮಾತಿನಲ್ಲೇ ಕೊಡುತ್ತೇನೆ:

“ಅಕ್ಕಾರ, ನನ್ನ ಮಗಳು ಈ ವರ್ಷ ಆರ್ಟ್ಸಿನಾಗ ಎರಡನೇ ಪಿ.ಯು.ಸಿ. ಪಾಸಾಗ್ಯಾಳ. ಸಣ್ಣಾಕಿ ಇದ್ದಾಗಿಂದ ಆಕಿ ಕೈಯಾಗ ಬಣ್ಣಾನ. ಈಗ ‘ಆರ್ಟ್ ಥೆರಪಿ’ ಕಲೀತೀನಿ ಅಂತಾಳ. ಮೊಬೈಲಿನಾಗ ಒಂದು ಜಾಹೀರಾತು ನೋಡ್ಯಾಳ. ಎರಡು ಶನಿವಾರ, ಎರಡು ರವಿವಾರ ಕಲಿಸಿ ‘ಥೆರಪಿಸ್ಟ್’ ಅಂತ ಸರ್ಟಿಫಿಕೇಟ್ ಕೊಡತಾರಂತ. ಫೀ ಇಪ್ಪತ್ತೆಂಟು ಸಾವಿರ. ಅವರಪ್ಪ ‘ಚಿತ್ರಾ ತಗದ್ರ ಜಡ್ಡು ಹೋಗತೈತೇನು? ಇದೂ ಒಂದು ನೌಕರಿ ಏನು?’ ಅಂತ ಸಿಟ್ಟು ಮಾಡತಾರ. ನನ್ನ ಹತ್ರ ಭಿಶಿ ರೊಕ್ಕ ಐತಿ, ಅವರಿಗೆ ಗೊತ್ತಿಲ್ಲ. ತುಂಬಲೋ ಬ್ಯಾಡೋ? ತಿಂಗಳ ಕಡೀಗೆ ಕಡೀ ದಿನ ಐತಿ.”

ಪತ್ರದ ಕೊನೆಗೆ ಇನ್ನೂ ಒಂದು ಸಾಲು ಇತ್ತು. ಅದನ್ನು ಕೊನೆಗೇ ಹೇಳುತ್ತೇನೆ.

ಪತ್ರಿಕೆ ಕೈಗೆ ಬರುವಷ್ಟರಲ್ಲಿ ದಿನ ಮೀರೀತೆಂದು “ಫೀ ತುಂಬಬೇಡಿ, ಸ್ವಲ್ಪ ತಡೆಯಿರಿ” ಎಂದು ಅವರಿಗೆ ಅಂದೇ ಉತ್ತರ ಹಾಕಿದೆ. ಆದರೆ ತಡೆಯಿರಿ ಎಂದರಷ್ಟೇ ಸಾಲದು, ಯಾಕೆ ಎಂಬುದನ್ನೂ ಹೇಳಬೇಕು. ನಾನೋ ಮೆಟ್ರಿಕ್‌ವರೆಗೆ ಓದಿದವಳು. ಧಾರವಾಡದಲ್ಲಿ ಮನಃಶಾಸ್ತ್ರ ಓದಿದ ನನ್ನ ತಮ್ಮನ ಹೆಂಡತಿಯನ್ನು ಕೂಡಿಸಿಕೊಂಡು ಎರಡು ದಿನ ಕೇಳಿದೆ. ಸಿಕ್ಕ ಪುಸ್ತಕ ಓದಿದೆ. ತಿಳಿದಷ್ಟನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಲಕ್ಷ್ಮೇಶ್ವರದಲ್ಲೋ ಶಿರಹಟ್ಟಿಯಲ್ಲೋ ಇಂಥದೇ ಹಟ ಹಿಡಿದ ಮಗಳಿದ್ದರೆ ಆ ತಾಯಿಗೂ ಉಪಯೋಗವಾದೀತು.

ಹಾಗಂದರೆ ಏನು?

ಆರ್ಟ್ ಥೆರಪಿ ಎಂದರೆ ಕಲಾ ಚಿಕಿತ್ಸೆ. ಬಾಯಿಬಿಟ್ಟು ಹೇಳಲಾಗದ ನೋವನ್ನು ಕೆಲವರು ಗೆರೆಯಲ್ಲಿ, ಬಣ್ಣದಲ್ಲಿ, ಮಣ್ಣಿನಲ್ಲಿ ಹೇಳಬಲ್ಲರು. ತರಬೇತಾದ ಒಬ್ಬರು ಪಕ್ಕದಲ್ಲಿ ಕುಳಿತು ಅದಕ್ಕೆ ಅವಕಾಶ ಮಾಡಿಕೊಡುತ್ತಾರೆ. ಆಮೇಲೆ ಆ ಚಿತ್ರವನ್ನು ನಡುವೆ ಇಟ್ಟುಕೊಂಡು ನಿಧಾನಕ್ಕೆ ಮಾತು ತೆಗೆಯುತ್ತಾರೆ. ಮಾತು ಬರದಿದ್ದರೂ ಒತ್ತಾಯವಿಲ್ಲ. ಚಿತ್ರ ಚೆಂದ ಬರಬೇಕೆಂಬ ನಿಯಮವಂತೂ ಇಲ್ಲವೇ ಇಲ್ಲ. ಇದು ಚಿತ್ರಕಲೆಯ ಕ್ಲಾಸಲ್ಲ, ಸ್ಪರ್ಧೆಯೂ ಅಲ್ಲ.

ಈ ಹೆಸರು ಹುಟ್ಟಿದ್ದು ಒಂದು ಆಸ್ಪತ್ರೆಯ ಮಂಚದ ಮೇಲೆ. ಇಂಗ್ಲೆಂಡಿನ ಏಡ್ರಿಯನ್ ಹಿಲ್ ಎಂಬ ಚಿತ್ರಕಾರರಿಗೆ ಕ್ಷಯರೋಗ ತಗಲಿತು. ಆಗ ಕ್ಷಯಕ್ಕೆ ಈಗಿನಂಥ ಗುಳಿಗೆಗಳಿರಲಿಲ್ಲ. ತಿಂಗಳುಗಟ್ಟಲೆ ಸ್ಯಾನಟೋರಿಯಮ್ಮಿನಲ್ಲಿ ಮಲಗಿರುವುದೇ ಚಿಕಿತ್ಸೆ. ಮಲಗಿದಲ್ಲೇ ಹಿಲ್ ಚಿತ್ರ ಬರೆಯತೊಡಗಿದರು. ಬೇಸರ, ಭಯ ಹಗುರಾಗುವುದು ತಿಳಿಯಿತು. ಪಕ್ಕದ ಮಂಚದವರಿಗೂ, ಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರಿಗೂ ಪೆನ್ಸಿಲ್ ಕೊಟ್ಟರು. 1942ರಲ್ಲಿ ಅವರೇ ಇದಕ್ಕೆ ‘ಆರ್ಟ್ ಥೆರಪಿ’ ಎಂದು ಹೆಸರಿಟ್ಟರು. 1945ರಲ್ಲಿ ಪುಸ್ತಕವನ್ನೂ ಬರೆದರು.

ಬ್ರೆಜಿಲ್ ದೇಶದಲ್ಲಿ ನೀಸೆ ದ ಸಿಲ್ವೇರಾ ಎಂಬ ವೈದ್ಯೆ ಇದ್ದರು. ಮನೋರೋಗಿಗಳಿಗೆ ಕರೆಂಟ್ ಕೊಡುವ ಆಗಿನ ಪದ್ಧತಿಯನ್ನು ನಾನು ಮಾಡಲಾರೆ ಎಂದು ಗಟ್ಟಿಯಾಗಿ ಹೇಳಿದ ಹೆಣ್ಣುಮಗಳು! ಆಸ್ಪತ್ರೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಕೈಕೆಲಸದ ವಿಭಾಗ ಆಕೆಯ ಪಾಲಿಗೆ ಬಂತು. 1946ರಲ್ಲಿ ಅಲ್ಲೇ ಬಣ್ಣ, ಮಣ್ಣು ತರಿಸಿ ರೋಗಿಗಳ ಮುಂದೆ ಇಟ್ಟರು. ವರ್ಷಾನುಗಟ್ಟಲೆ ಮಾತು ಬಿಟ್ಟವರು ಬಣ್ಣ ಹಚ್ಚತೊಡಗಿದರು. ಅವರ ಚಿತ್ರಗಳಿಗಾಗಿ 1952ರಲ್ಲಿ ಒಂದು ಸಂಗ್ರಹಾಲಯವೇ ತೆರೆಯಿತು.

ಇನ್ನೊಬ್ಬಾಕೆಯ ಕಥೆ ಬರೆಯುವಾಗ ನನ್ನ ಕಣ್ಣು ಒದ್ದೆಯಾಗುತ್ತದೆ. ವಿಯೆನ್ನಾದಲ್ಲಿ ಹುಟ್ಟಿದ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಒಬ್ಬ ಯಹೂದಿ ಚಿತ್ರಕಾರ್ತಿ. ಹಿಟ್ಲರನ ಕಡೆಯವರು 1942ರಲ್ಲಿ ಅವರನ್ನು ಟೆರೆಜಿನ್ ಎಂಬ ಸೆರೆಶಿಬಿರಕ್ಕೆ ಕಳಿಸಿದರು. ಕೈಗೆ ಸಿಕ್ಕಷ್ಟು ಸಾಮಾನು ಮಾತ್ರ ಒಯ್ಯಬೇಕು. ಆಕೆ ಒಯ್ದದ್ದರಲ್ಲಿ ಚಿತ್ರದ ಸಾಮಗ್ರಿಯೂ ಇತ್ತು. ಶಿಬಿರದಲ್ಲಿ ತಾಯಿ-ತಂದೆಯನ್ನು ಅಗಲಿದ ಮಕ್ಕಳನ್ನು ಕೂಡಿಸಿಕೊಂಡು ಚಿತ್ರ ಬರೆಸಿದರು. 1944ರಲ್ಲಿ ಅವರನ್ನು ಆಶ್‌ವಿಟ್ಸ್‌ಗೆ ಒಯ್ದು ಕೊಂದರು. ಹೋಗುವ ಮುಂಚೆ ಮಕ್ಕಳ ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸುಗಳಲ್ಲಿ ತುಂಬಿ ಬಚ್ಚಿಟ್ಟಿದ್ದರು. ಮಕ್ಕಳಲ್ಲಿ ಬಹಳ ಜನ ಉಳಿಯಲಿಲ್ಲ, ಚಿತ್ರಗಳು ಉಳಿದವು. ಫ್ರೀಡ್ಲ್ ಅವರ ಶಿಷ್ಯೆ ಈಡಿತ್ ಕ್ರೇಮರ್ ಅದಕ್ಕೂ ಮುಂಚೆಯೇ ಅಮೆರಿಕೆಗೆ ಹೋಗಿ ಬದುಕಿಕೊಂಡಿದ್ದರು. ಗುರುವಿನಿಂದ ಕಲಿತದ್ದನ್ನು ಅಲ್ಲಿ ಸಂಕಟದಲ್ಲಿದ್ದ ಮಕ್ಕಳಿಗೆ ಮಾಡಿದರು. ಕಲಾ ಚಿಕಿತ್ಸೆಯನ್ನು ಕಾಲೇಜಿನ ಪಾಠವಾಗಿ ಬೆಳೆಸಿದವರಲ್ಲಿ ಅವರೂ ಒಬ್ಬರು.

ಆದ್ದರಿಂದ ಮುಂಡರಗಿಯ ಯಜಮಾನರಿಗೆ ಮೊದಲ ಉತ್ತರ ಇದು: ಹೌದ್ರಿ, ಇದೂ ಒಂದು ಉದ್ಯೋಗ. ಇಂಗ್ಲೆಂಡಿನಲ್ಲಿ ‘ಆರ್ಟ್ ಥೆರಪಿಸ್ಟ್’ ಎಂಬ ಹೆಸರನ್ನು ಕಂಡಕಂಡವರು ಹಾಕಿಕೊಳ್ಳುವಂತಿಲ್ಲ. ಸ್ನಾತಕೋತ್ತರ ತರಬೇತಿ ಮುಗಿಸಿ ಸರಕಾರಿ ರಿಜಿಸ್ಟರಿನಲ್ಲಿ ಹೆಸರು ಬರೆಸಿದವರಿಗೇ ಆ ಹಕ್ಕು.

ನಮ್ಮ ಕಡೆ ಇದು ಹೊಸದೇ?

ಹೆಸರು ಹೊಸದು, ಹಸಿವು ಹಳೆಯದು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುತ್ತೇವೆ. ಆಷಾಢದ ಮಂಗಳವಾರ ಹುಡುಗಿಯರು ಗುಳ್ಳವ್ವನನ್ನು ಮಾಡುತ್ತಾರೆ. ಕೈಗೆ ಮಣ್ಣು ಹತ್ತಿದಾಗ ಮನಸ್ಸು ಹಗುರಾಗುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಗವಂತಿ, ಮುರಗಿ, ನೇಯ್ಗೆ, ಮೆಂಥೆ ಎಂದು ಎಳೆ ಎಣಿಸಿ ಕಸೂತಿ ಹಾಕುತ್ತ ಕುಳಿತ ನಮ್ಮ ಅಜ್ಜಿಯಂದಿರು ಎಷ್ಟು ಮಾತನ್ನು ಸೀರೆಯ ಸೆರಗಿನಲ್ಲಿ ಹೊಲಿದಿಟ್ಟರೋ ಬಲ್ಲವರಾರು!

ನನ್ನ ಅವ್ವನ ಮಾತು ಹೇಳುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಶಿರಹಟ್ಟಿಯ ಮನೆಯಲ್ಲಿ ಮೂರು ತಿಂಗಳು ಕಂಬಕ್ಕೆ ಆತು ಕುಳಿತುಬಿಟ್ಟಳು. ಕರೆದರೆ “ಹ್ಞೂಂ”, ಇಲ್ಲದಿದ್ದರೆ ಅದೂ ಇಲ್ಲ. ಒಂದು ದಿನ ನೆರೆಮನೆಯ ಅಜ್ಜಿ ಅಪ್ಪನ ಹಳೇ ಧೋತರ, ಅಂಗಿ ತಂದು ಅವ್ವನ ಮುಂದೆ ಹಾಕಿ, “ಏಳಬೇ, ಚಳಿ ಬಂತು, ಒಂದು ಕೌದಿ ಹೊಲಿಯೋಣು” ಅಂದಳು. ಅವ್ವ ಸೂಜಿ ಹಿಡಿದಳು. ಅಂಗಿಯ ಕಿಸೆ ಕತ್ತರಿಸುವಾಗ ಮೊದಲ ಸಲ ಗಟ್ಟಿಯಾಗಿ ಅತ್ತಳು. ಕೌದಿ ಮುಗಿಯುವಷ್ಟರಲ್ಲಿ ಅಪ್ಪನ ಸುದ್ದಿ ತಾನೇ ತೆಗೆದು ಮಾತಾಡುತ್ತಿದ್ದಳು.

ಕೇಳಲಿಕ್ಕೆ ಚೆಂದ ಅಲ್ಲವೇ? ಆದರೆ ಪೂರ್ತಿ ಸತ್ಯ ಹೇಳಬೇಕು. ಅವ್ವನನ್ನು ನಾವು ಡಾಕ್ಟರ ಹತ್ತಿರವೂ ಒಯ್ದಿದ್ದೆವು. ಕೌದಿಯ ಜೊತೆಗೆ ಆರು ತಿಂಗಳು ಗುಳಿಗೆಯೂ ನಡೆಯಿತು. “ದುಃಖ ಐತಿ, ತಾನ ಸರಿಹೋಗತೈತಿ” ಎಂದು ಮೂರು ತಿಂಗಳು ತಡ ಮಾಡಿದ್ದು ನಮ್ಮ ತಪ್ಪು. ಆ ಮೂರು ತಿಂಗಳಲ್ಲಿ ಅವ್ವ ಸೊರಗಿ ಕಡ್ಡಿಯಾಗಿದ್ದಳು. ಕೌದಿ ಸಮಾಧಾನ ಕೊಟ್ಟಿತು. ಚಿಕಿತ್ಸೆ ಎಂದರೆ ಅದಕ್ಕಿಂತ ಒಂದು ಹೆಜ್ಜೆ ಹೆಚ್ಚಿನದು.

ಸಂಗೀತದ ಊರು ನಮ್ಮದು. ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಆಮೇಲೆ 2010ರವರೆಗೆ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳ ಕೈಗೆ ಹಾರ್ಮೋನಿಯಂ, ತಬಲಾ ಕೊಟ್ಟು ಬಾಳು ಕಟ್ಟಿಕೊಟ್ಟದ್ದನ್ನು ಗದುಗಿನವರಿಗೆ ನಾನು ಹೇಳಬೇಕಿಲ್ಲ. ಕಲೆ ಮನುಷ್ಯನನ್ನು ಎತ್ತಿ ನಿಲ್ಲಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಆದರೆ ಅಲ್ಲಿ ಶ್ರುತಿ ತಪ್ಪಿದರೆ ಗುರು ತಿದ್ದುತ್ತಾರೆ, ತಿದ್ದಲೇಬೇಕು. ಕಲಾ ಚಿಕಿತ್ಸೆಯಲ್ಲಿ ತಿದ್ದುವಂತಿಲ್ಲ. ಕಲಿಸುವುದಕ್ಕೂ ಚಿಕಿತ್ಸೆ ಮಾಡುವುದಕ್ಕೂ ಇರುವ ಅಂತರ ಇದೇ.

ನಾನು ಮಾಡಿದ ತಪ್ಪು

ಈ ಅಂತರ ನನಗೆ ಗೊತ್ತಿರಲಿಲ್ಲ. ಕೆಲವು ವರ್ಷಗಳ ಕೆಳಗೆ ನನ್ನ ಮೈದುನ ಲಕ್ಷ್ಮೇಶ್ವರದ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದು ಎರಡು ತಿಂಗಳು ಆಸ್ಪತ್ರೆಯಲ್ಲಿದ್ದ. ನೆಗೆಣ್ಣಿ ಅವನ ಹತ್ತಿರ. ಅವರ ಆರು ವರ್ಷದ ಮಗ ಬೆಟಗೇರಿಯ ನಮ್ಮ ಮನೆಯಲ್ಲಿ. ಹುಡುಗ ದಿನಾಲೂ ಒಂದೇ ಚಿತ್ರ ತೆಗೆಯುತ್ತಿದ್ದ. ಕರೀ ಸ್ಕೂಟರು, ಕರೀ ರಸ್ತೆ, ಮೇಲೆ ಕರೀ ಸೂರ್ಯ. ನನಗೆ ಎದೆ ಝಲ್ಲೆಂದಿತು. “ಇದೆಂಥಾ ಅಪಶಕುನದ ಚಿತ್ರಾನೋ? ಚಂದಂಗ ಹೂವಿನ ಗಿಡಾ ತಗಿ, ನೀಲಿ ಹಚ್ಚು” ಅಂದೆ. ಕರೀ ಚಿತ್ರಗಳನ್ನೆಲ್ಲ ಹರಿದು ನೀರೊಲೆಗೆ ಹಾಕಿದೆ. ಹೂವಿನ ಗಿಡ ತೆಗೆದ ಹಾಳೆಯನ್ನು ಗೋಡೆಗೆ ಅಂಟಿಸಿ ಚಪ್ಪಾಳೆ ಹೊಡೆದೆ.

ಮರುದಿನದಿಂದ ಹುಡುಗ ಚಿತ್ರ ತೆಗೆಯುವುದನ್ನೇ ಬಿಟ್ಟ. ರಾತ್ರಿ ಹಾಸಿಗೆ ಒದ್ದೆ ಮಾಡತೊಡಗಿದ. ಧಾರವಾಡದಿಂದ ಬಂದ ನನ್ನ ತಮ್ಮನ ಹೆಂಡತಿ ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಅಂದಳು: “ಅಕ್ಕಾ, ಆತ ದಿನಾ ನಿಮಗ ಏನೋ ಹೇಳಾಕತ್ತಿದ್ದ. ನೀವು ಅದನ್ನ ಹೇಳಬ್ಯಾಡ ಅಂದ್ರಿ.”

ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ನಾನು ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಗೊತ್ತಿಲ್ಲದೆ ಮಾಡಿದ್ದು. ಆಕೆ ಹುಡುಗನ ಪಕ್ಕ ನೆಲದ ಮೇಲೆ ಕುಳಿತಳು. ಹಾಳೆ, ಬಣ್ಣ ಇಟ್ಟಳು, ಏನೂ ಹೇಳಲಿಲ್ಲ. ಮೂರನೆಯ ದಿನ ಮತ್ತೆ ಸ್ಕೂಟರು ಬಂತು. “ಇದರ ಬಗ್ಗೆ ನನಗ ಹೇಳತೀಯೇನು?” ಅಂದಳು. “ಪಪ್ಪಾ ಎಲ್ಲಿ ಬಿದ್ದಾನ ನನಗ ಯಾರೂ ತೋರಿಸಿಲ್ಲ” ಅಂದಿತು ಕೂಸು. ಅಪ್ಪ ಸತ್ತಿದ್ದಾನೆ, ನಾವೆಲ್ಲ ಮುಚ್ಚಿಡುತ್ತಿದ್ದೇವೆ ಎಂದು ಅದು ತಿಳಿದುಕೊಂಡಿತ್ತು! ಮರುದಿನ ಆಸ್ಪತ್ರೆಗೆ ಕರೆದೊಯ್ದು ಅಪ್ಪನನ್ನು ತೋರಿಸಿದೆವು.

ಇಲ್ಲಿ ಇನ್ನೊಂದು ಮಾತು. ಕರೀ ಬಣ್ಣ ಎಂದರೆ ದುಃಖ, ಕೆಂಪು ಎಂದರೆ ಸಿಟ್ಟು ಎಂದು ಭವಿಷ್ಯ ಹೇಳಿದಂತೆ ಚಿತ್ರ ಓದುವವರನ್ನು ನಂಬಬೇಡಿ. ಡಬ್ಬಿಯಲ್ಲಿ ಕರೀ ಕಡ್ಡಿಯೊಂದೇ ಉಳಿದಿದ್ದರೂ ಚಿತ್ರ ಕರ್ರಗೇ ಬರುತ್ತದಲ್ಲ! ಚಿತ್ರದ ಅರ್ಥ ಬರೆದವರ ಬಾಯಿಂದಲೇ ಬರಬೇಕು. ಆ ತನಕ ಕಾಯುವುದನ್ನು, ಏನು ಕೇಳಬೇಕು, ಯಾವಾಗ ಸುಮ್ಮನಿರಬೇಕು, ಯಾವಾಗ ಡಾಕ್ಟರ ಹತ್ತಿರ ಕಳಿಸಬೇಕು ಎಂಬುದನ್ನು ಕಲಿಯುವುದೇ ಈ ವಿದ್ಯೆ. ಗಾಯದ ಮೇಲಿನ ಪಟ್ಟಿ ಬಿಚ್ಚಿದವರಿಗೆ ಮರಳಿ ಕಟ್ಟಲಿಕ್ಕೂ ಬರಬೇಕು. ಅದು ಎರಡು ಶನಿವಾರ, ಎರಡು ರವಿವಾರದಲ್ಲಿ ಬರುವಂಥದಲ್ಲ. ಫೀ ತುಂಬಬೇಡಿ ಎಂದು ನಾನು ಬರೆದದ್ದು ಇದಕ್ಕೇ.

ಹಾಗಾದರೆ ದಾರಿ ಯಾವುದು?

ನಮ್ಮ ದೇಶದಲ್ಲಿ ಡಾಕ್ಟರಿಕೆಗೆ, ನರ್ಸಿಂಗಿಗೆ ಇರುವಂತೆ ಇದಕ್ಕೆ ನೇರವಾದ ಒಂದೇ ಹೆದ್ದಾರಿ ಇಲ್ಲ. 2021ರಲ್ಲಿ ಕೇಂದ್ರ ಸರಕಾರ ವೈದ್ಯರಲ್ಲದ ಆರೋಗ್ಯ ಸಿಬ್ಬಂದಿಗಾಗಿ ಒಂದು ಕಾಯಿದೆ ಮಾಡಿತು. ಅದರ ಉದ್ಯೋಗಗಳ ಪಟ್ಟಿಯಲ್ಲಿ ಕಲೆ ಮತ್ತು ನೃತ್ಯ ಚಲನೆಯ ಥೆರಪಿಸ್ಟರ ಹೆಸರೂ ಸೇರಿದೆ. ಕಾಯಿದೆಯಲ್ಲಿ ಹೆಸರು ಬಂದದ್ದು ಒಳ್ಳೆಯ ಸೂಚನೆ. ಆದರೂ ಮಗಳು ಒಂದು ಗಟ್ಟಿ ಪದವಿಯ ಮೇಲೆ ನಿಂತು ಇದನ್ನು ಕಲಿಯುವುದೇ ಜಾಣತನ. ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತೇನೆ.

ಮೊದಲನೆಯದು, ಮನಸ್ಸಿನ ಓದು. ಪಿ.ಯು.ಸಿ. ಆದ ಮೇಲೆ ಮನಃಶಾಸ್ತ್ರ ಒಂದು ವಿಷಯವಾಗಿ ಇರುವ ಬಿ.ಎ. ಗೆ ಸೇರಬೇಕು. ಗದಗ, ಹುಬ್ಬಳ್ಳಿ, ಧಾರವಾಡದ ಯಾವ ಕಾಲೇಜಿನಲ್ಲಿ ಈ ವರ್ಷ ಈ ವಿಷಯ ಇದೆ ಎಂದು ಅಡ್ಮಿಶನ್ ಮುಂಚೆ ವಿಚಾರಿಸಿ. ಆಮೇಲೆ ಎಂ.ಎ. ಮಾಡಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗವಿದೆ. ಊರು ಬಿಟ್ಟು ಹೋಗಲಾಗದವರಿಗೆ ಮೊದಲು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ಒಂದು ದಾರಿಯಾಗಿತ್ತು. 2025ರವರೆಗೆ ಅಲ್ಲಿ ಯಾವ ವಿಷಯದಲ್ಲಿ ಪದವಿ ಪಡೆದವರೂ ಮನಃಶಾಸ್ತ್ರದ ಎಂ.ಎ. ಗೆ ಸೇರಬಹುದಿತ್ತು. ನಮ್ಮಂಥ ನಡುವಯಸ್ಸಿನವರಿಗೂ ಬಾಗಿಲು ತೆರೆದಿತ್ತು.

ಎರಡನೆಯದು, ಕೈಯ ಓದು. ಬಣ್ಣ, ಮಣ್ಣು, ಕಾಗದದ ಗುಣ ಚೆನ್ನಾಗಿ ತಿಳಿದಿರಬೇಕು. ಚಿತ್ರಕಲೆಯನ್ನೇ ಮುಖ್ಯವಾಗಿ ಓದುವವರಿಗೆ ಪಿ.ಯು.ಸಿ. ನಂತರ ನಾಲ್ಕು ವರ್ಷದ ಬಿ.ವಿ.ಎ. ಪದವಿ ಇದೆ. ನಮ್ಮ ನಾಡಿಗೆ ಚಿತ್ರಕಲೆಯ ಶಾಲೆ ಹೊಸದಲ್ಲ. ಗದುಗಿನಲ್ಲಿ ಟಿ.ಪಿ. ಅಕ್ಕಿ ಮಾಸ್ತರರು ವಿಜಯ ಕಲಾಮಂದಿರವನ್ನು, ಧಾರವಾಡದಲ್ಲಿ ಹಾಲಭಾವಿಯವರು ತಮ್ಮ ಕಲಾಶಾಲೆಯನ್ನು ಕಟ್ಟಿದ್ದು ಇಲ್ಲಿಯ ಮಕ್ಕಳಿಗಾಗಿಯೇ. ಬಿ.ವಿ.ಎ. ಮಾಡಿದವರು ಆಮೇಲೆ ಮನಃಶಾಸ್ತ್ರ ಓದಲೇಬೇಕು. ಮನಃಶಾಸ್ತ್ರ ಓದುವವರು ಚಿತ್ರ ಬಿಡಬಾರದು. ರೊಟ್ಟಿ ಬಡಿಯಲು ಎರಡೂ ಕೈ ಬೇಕಲ್ಲ, ಹಾಗೆ.

ಮೂರನೆಯದು, ಕಲಾ ಚಿಕಿತ್ಸೆಯ ತರಬೇತಿ. ಪುಣೆಯ ವರ್ಲ್ಡ್ ಸೆಂಟರ್ ಫಾರ್ ಕ್ರಿಯೇಟಿವ್ ಲರ್ನಿಂಗ್ ಫೌಂಡೇಶನ್ ಎಂಬ ಸಂಸ್ಥೆ ಚಿತ್ರ, ನಾಟಕ, ತಾಳ ಎಲ್ಲವನ್ನೂ ಕೂಡಿಸಿದ ತರಬೇತಿಯನ್ನು ಕೊಡುತ್ತ ಬಂದಿದೆ. ಚೆನ್ನೈನ ಈಸ್ಟ್ ವೆಸ್ಟ್ ಸೆಂಟರ್ ಫಾರ್ ಕೌನ್ಸೆಲಿಂಗ್ ಕೂಡ ಇಂಥ ಕಲಿಕೆಗೆ ಹೆಸರಾಗಿದೆ. ಈ ವರ್ಷದ ಫೀ, ಅರ್ಹತೆ, ಅವಧಿ ಏನೆಂಬುದನ್ನು ಅವರಿಂದಲೇ ಬರೆಸಿ ತರಿಸಿಕೊಳ್ಳಿ. ಇವೆಲ್ಲ ಪದವಿಯ ಮೇಲಿನ ಕಳಸ. ಗುಡಿ ಕಟ್ಟದೆ ಕಳಸ ಇಡಲಾಗದು.

ನಾಲ್ಕನೆಯದು, ಕೈಯಲ್ಲಿ ಕೆಲಸ ಹಿಡಿದು ಕಲಿಯುವ ದಾರಿ. ವಿಶೇಷ ಶಿಕ್ಷಣದ ಡಿ.ಎಡ್. ಅಥವಾ ಬಿ.ಎಡ್. ಮಾಡಬಹುದು. ಆರ್.ಸಿ.ಐ. ಎಂದು ಕರೆಯುವ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಪಡೆದ ಕೋರ್ಸು ಮುಗಿಸಿದವರಿಗೆ ಒಂದು ನೋಂದಣಿ ನಂಬರು ಸಿಗುತ್ತದೆ. ಬುದ್ಧಿಮಾಂದ್ಯ ಮಕ್ಕಳ ಶಾಲೆ, ಕಿವುಡ ಮಕ್ಕಳ ಶಾಲೆಯಲ್ಲಿ ಶಿಕ್ಷಕಿಯಾಗಲು ಆ ನಂಬರು ಬೇಕು. ಆ ಮಕ್ಕಳ ನಡುವೆ ಇದ್ದು ಕಲಿತದ್ದು ಯಾವ ಪುಸ್ತಕದಲ್ಲೂ ಸಿಗದು. ಆಕ್ಯುಪೇಶನಲ್ ಥೆರಪಿ ಎಂಬುದೂ ಒಂದು ಒಳ್ಳೆಯ ಪದವಿ, ಆದರೆ ಅದಕ್ಕೆ ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿರಬೇಕು.

ಕೆಲಸ ಎಲ್ಲಿ ಸಿಕ್ಕೀತು?

ಇದನ್ನು ಬಣ್ಣ ಹಚ್ಚದೆ ಹೇಳುತ್ತೇನೆ. ನಮ್ಮ ತಾಲೂಕಾ ಊರುಗಳಲ್ಲಿ ‘ಕಲಾ ಚಿಕಿತ್ಸಕಿ ಬೇಕಾಗಿದ್ದಾರೆ’ ಎಂದು ಯಾರೂ ಬೋರ್ಡು ಹಾಕಿಲ್ಲ. ಕೆಲಸ ಇರುವುದು ಹೆಚ್ಚಾಗಿ ದೊಡ್ಡ ಊರುಗಳಲ್ಲಿ. ಅಲ್ಲಿಯ ವಿಶೇಷ ಮಕ್ಕಳ ಶಾಲೆ, ಮನೋರೋಗಿಗಳ ಪುನರ್ವಸತಿ ಕೇಂದ್ರ, ವ್ಯಸನ ಬಿಡಿಸುವ ಕೇಂದ್ರ, ವೃದ್ಧಾಶ್ರಮ, ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಇಂಥವರು ಬೇಕಾಗುತ್ತಾರೆ. ಬಹಳ ಜನ ಕೌನ್ಸೆಲರ್ ಎಂದೋ, ವಿಶೇಷ ಶಿಕ್ಷಕಿ ಎಂದೋ ನೌಕರಿ ಹಿಡಿದು ಅದರೊಳಗೆ ಕಲೆಯನ್ನು ಬಳಸುತ್ತಾರೆ. ಅದಕ್ಕೇ ಗಟ್ಟಿ ಪದವಿ ಬೇಕು ಎಂದದ್ದು.

ಹಾಗೆಂದು ನಿರಾಶರಾಗಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 1974ರಿಂದ ಆ ಹೆಸರಿನಲ್ಲಿ ನಡೆಯುತ್ತಿದೆ. ಅಲ್ಲಿಯ ಪುನರ್ವಸತಿ ವಿಭಾಗದಲ್ಲಿ ಹೊಲಿಗೆ, ಮೇಣದಬತ್ತಿ, ಬೇಕರಿ ಕೆಲಸಗಳು ಚಿಕಿತ್ಸೆಯ ಭಾಗವಾಗಿ ಬಂದಿವೆ. ಮನಸ್ಸಿನ ಕಾಯಿಲೆಗೆ ಊರ ಹತ್ತಿರವೇ ಚಿಕಿತ್ಸೆ ಸಿಗಬೇಕೆಂಬ ಪ್ರಯೋಗವನ್ನು ನಿಮ್ಹಾನ್ಸಿನವರು 1985ರಲ್ಲಿ ನಡೆಸಿದ್ದು ಎಲ್ಲಿ ಗೊತ್ತೇ? ಆಗ ನಮ್ಮ ನೆರೆಯದಾಗಿದ್ದ ಬಳ್ಳಾರಿ ಜಿಲ್ಲೆಯಲ್ಲಿ! ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಗದುಗಿನಲ್ಲಿ ಈಗ ಮೆಡಿಕಲ್ ಕಾಲೇಜೇ ಇದೆ. ನಮ್ಮ ಕಾಲದಲ್ಲಿ ‘ಹುಚ್ಚರ ಆಸ್ಪತ್ರೆ’ ಎಂದು ಮುಖ ತಿರುಗಿಸುತ್ತಿದ್ದ ಜನ ಈಗ ತಾವಾಗಿ ಹೋಗುತ್ತಿದ್ದಾರೆ. ಮುಂದೆ ಇಂಥ ಕೆಲಸಗಾರರು ನಮ್ಮ ಕಡೆಯೂ ಬೇಕಾದಾರು. ಕನ್ನಡದಲ್ಲಿ, ಅದೂ ನಮ್ಮ ಕಡೆಯ ಕನ್ನಡದಲ್ಲಿ, ಕೂಸಿನ ಜೊತೆ ಮಾತಾಡಬಲ್ಲ ಮುಂಡರಗಿಯ ಹುಡುಗಿಯ ಬೆಲೆ ಆಗ ತಿಳಿದೀತು.

ರೊಕ್ಕ ತುಂಬುವ ಮುಂಚೆ ಕೇಳಬೇಕಾದದ್ದು

ಯಾವ ಸಂಸ್ಥೆಯೇ ಇರಲಿ, ಈ ಆರು ಪ್ರಶ್ನೆ ಕೇಳಿ. ಕಾಗದದ ಮೇಲೆ ಉತ್ತರ ತೆಗೆದುಕೊಳ್ಳಿ.

1. ಸೇರಲು ಏನು ಓದಿರಬೇಕು? ಯಾರು ಬಂದರೂ ನಡೆಯುತ್ತದೆ ಎಂದರೆ ಎಚ್ಚರ.

2. ಒಟ್ಟು ಎಷ್ಟು ತಿಂಗಳು? ಅದರಲ್ಲಿ ನಿಜವಾದ ರೋಗಿಗಳ, ಮಕ್ಕಳ ಜೊತೆ ಕೆಲಸ ಎಷ್ಟು ಗಂಟೆ?

3. ಆ ಕೆಲಸ ಮಾಡುವಾಗ ಮೇಲುಸ್ತುವಾರಿ ನೋಡುವವರು ಯಾರು? ಅವರ ಸ್ವಂತ ಓದು ಏನು?

4. ಸರ್ಟಿಫಿಕೇಟಿನ ಮೇಲೆ ಯಾವ ವಿಶ್ವವಿದ್ಯಾಲಯದ, ಯಾವ ಪರಿಷತ್ತಿನ ಹೆಸರಿದೆ?

5. ಹಿಂದೆ ಕಲಿತವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ? ಒಬ್ಬರ ಜೊತೆ ಮಾತಾಡಿಸುತ್ತೀರಾ?

6. ನಡುವೆ ಬಿಟ್ಟರೆ ಫೀ ಮರಳಿ ಕೊಡುತ್ತೀರಾ?

ಸೊಪ್ಪು ಕೊಳ್ಳುವಾಗ ಸಿವುಡು ಬಿಚ್ಚಿ ನೋಡುವವರು ನಾವು. ಇಪ್ಪತ್ತೆಂಟು ಸಾವಿರಕ್ಕೆ ಆರು ಪ್ರಶ್ನೆ ಹೆಚ್ಚಲ್ಲ.

ಥೆರಪಿಸ್ಟ್ ಆಗದೆಯೂ ನಾವು ಮಾಡಬಹುದಾದದ್ದು

ಚಿಕಿತ್ಸೆ ತರಬೇತಾದವರ ಕೆಲಸ. ಆದರೆ ಮನೆಯಲ್ಲಿ ಹಗುರಾಗಲು ಯಾರ ಅಪ್ಪಣೆಯೂ ಬೇಡ. ಹಳೇ ಪೇಪರು, ಮಕ್ಕಳು ಬಿಟ್ಟ ಮೇಣದ ಬಣ್ಣದ ಕಡ್ಡಿ, ಕೆರೆಯ ಜಿಗುಟು ಮಣ್ಣು ಇಷ್ಟಿದ್ದರೆ ಸಾಕು. ಮಧ್ಯಾಹ್ನ ಪಾತ್ರೆ ಮುಗಿದ ಮೇಲೆ ಅರ್ಧ ತಾಸು ಕುಳಿತುಕೊಳ್ಳಿ. ಚೆಂದ ಬರಲಿ ಎನ್ನಬೇಡಿ. ಯಾರಿಗೂ ತೋರಿಸಬೇಕಿಲ್ಲ. ಮಕ್ಕಳು ತೆಗೆದಾಗ “ಇದೇನು ಇದು, ಆನೆಯೋ ಎಮ್ಮೆಯೋ?” ಎಂದು ನಗಬೇಡಿ. ಬಣ್ಣ ಬದಲಿಸಬೇಡಿ, ನನ್ನಂತೆ ನೀರೊಲೆಗಂತೂ ಹಾಕಲೇಬೇಡಿ. “ಇದರ ಬಗ್ಗೆ ಹೇಳತೀಯೇನು?” ಎಂದು ಒಮ್ಮೆ ಕೇಳಿ. ಹೇಳದಿದ್ದರೆ ಹಾಳೆಯನ್ನು ಜೋಪಾನ ಎತ್ತಿಡಿ.

ನಿದ್ದೆ ಕೆಟ್ಟು, ಊಟ ಬಿಟ್ಟು, ಮಾತು ನಿಂತು ಎರಡು ವಾರ ಆಯಿತೆಂದರೆ ಮಾತ್ರ ಬಣ್ಣವನ್ನೇ ನಂಬಿ ಕೂಡಬೇಡಿ. ಡಾಕ್ಟರ ಹತ್ತಿರ ಹೋಗಿ. ಸಾಯುವ ಮಾತು ಬಾಯಿಂದ ಬಂತೆಂದರೆ ಒಂದು ದಿನವೂ ಕಾಯಬೇಡಿ. ಹೋಗಲು ಹಿಂಜರಿಕೆ ಇದ್ದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರಿನಲ್ಲಿ ಸುರುವಾದ ಟೆಲಿ-ಮಾನಸ್ ಎಂಬ ಸರಕಾರಿ ಸಹಾಯವಾಣಿ ಅದು. ಹಗಲು ರಾತ್ರಿ ಇರುತ್ತದೆ, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ, ಮುಂಡರಗಿಯ ತಂಗಿಗೆ

ತಂಗೀ, ಭಿಶಿ ರೊಕ್ಕ ಜಾಹೀರಾತಿಗೆ ಕೊಡಬೇಡ. ಬಿ.ಎ. ಅಡ್ಮಿಶನ್ನಿಗೆ, ಬಸ್ ಪಾಸಿಗೆ, ಒಂದು ಒಳ್ಳೆಯ ಬಣ್ಣದ ಡಬ್ಬಿಗೆ ಅದು ಇರಲಿ. ಯಜಮಾನರಿಂದ ಮುಚ್ಚಿಡಬೇಡ. “ಮಗಳು ಮನಃಶಾಸ್ತ್ರ ಓದತಾಳ, ಪದವಿ ಕೈಯಾಗ ಇರತೈತಿ, ಜೋಡಿ ಚಿತ್ರಾನೂ ಇರಲಿ” ಎಂದು ಹೇಳು. ಅವರ ಸಿಟ್ಟು ಚಿತ್ರದ ಮೇಲಲ್ಲ, ಮಗಳ ಮುಂದಿನ ಬದುಕಿನ ಚಿಂತೆಯ ಮೇಲೆ ಇದ್ದೀತು. ಪದವಿಯ ಮಾತು ಕೇಳಿದರೆ ಅರ್ಧ ಇಳಿದೀತು.

ಇನ್ನು ನಿನ್ನ ಪತ್ರದ ಕಡೆಯ ಸಾಲು. “ಅಕ್ಕಾರ, ಯಾಕೋ ಏನೋ, ನಾಕು ತಿಂಗಳಾತು ಆಕಿ ರಾತ್ರಿ ಒಬ್ಬಾಕೀನ ಕುಂತು ಚಿತ್ರಾ ತಗೀತಾಳ, ನಗೂದು ಕಡಿಮಿ ಆಗೇತಿ” ಎಂದು ಬರೆದಿದ್ದೀ. ನೀನು ಅದನ್ನು ಕಡೆಗೆ ಬರೆದೆ. ನಾನು ಅದನ್ನೇ ಮೊದಲು ಓದಿದೆ.

ಮಂದಿಯ ನೋವಿಗೆ ಬಣ್ಣ ಕೊಡಬೇಕೆನ್ನುವ ಮಗಳ ಎದೆಯಲ್ಲಿ ತನ್ನದೇ ನೋವೂ ಇರಬಹುದು, ಇಲ್ಲದೆಯೂ ಇರಬಹುದು. ನನಗೆ ಇಲ್ಲಿಂದ ಕಾಣದು, ಆ ಚಿತ್ರಗಳನ್ನು ನೋಡಿದರೂ ಕಾಣದು. ಇವತ್ತು ರಾತ್ರಿ ಕಾಲೇಜಿನ ಮಾತು ತೆಗೆಯಬೇಡ, ಫೀ ಮಾತು ಬೇಡ. ಆಕೆಯ ಪಕ್ಕ ಹೋಗಿ ಕುಳಿತುಕೋ. ಬೇಕಾದರೆ ನೀನೂ ಒಂದು ಹಾಳೆ ತೆಗೆದುಕೋ. ಅವಸರ ಮಾಡಬೇಡ. ಆಕೆ ತಾನಾಗಿ ಮುಖ ಎತ್ತಿ ನೋಡಿದಾಗ, “ಇದರ ಬಗ್ಗೆ ನನಗ ಹೇಳತೀಯೇನು?” ಎಂದು ಕೇಳು. ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಕೇಳಿಸಿಕೋ. ಭಾರ ಹೆಚ್ಚಿದೆ ಅನ್ನಿಸಿದರೆ ಆ ಫೋನ್ ನಂಬರು ನಿನ್ನ ಹತ್ತಿರ ಇದೆ, ಡಾಕ್ಟರೂ ಇದ್ದಾರೆ.

ಆಮೇಲೆ ಏನಾಯಿತೆಂದು ನನಗೆ ಒಂದು ಸಾಲು ಬರೆ. ಅಚ್ಚು ಹಾಕಿಸುವುದಿಲ್ಲ, ಓದಿ ಇಟ್ಟುಕೊಳ್ಳುತ್ತೇನೆ.

ಉಳಿದ ಸೋದರಿಯರೇ, ಮುಂದಿನ ಸಂಚಿಕೆಯಲ್ಲಿ ಹೂರಣ!